ಡ್ರಮ್ ಓಡಲಿ, ನೀವು ಬೇಸ್ ಜೊತೆ ನಡೆಯಿರಿ

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು 'ಕೆಲಸ ಮಾಡುವಾಗ ಏನು ಕೇಳ್ತೀರಿ?' ಅಂತ ಕೇಳಿದ್ದರು. 'ಡ್ರಮ್ ಅಂಡ್ ಬೇಸ್' ಅಂತ ಎರಡು ಮಾತು ಬರೆದು ಮುಂದೆ ಹೋಗಿದ್ದೆ. ವೇಗದ ಡ್ರಮ್, ಆಳದ ತಗ್ಗು ದನಿಯ ಬೇಸ್, ಇವೆರಡರ ಮೇಲೆ ನಿಂತ ಇಂಗ್ಲೆಂಡಿನ ಕುಣಿತದ ಸಂಗೀತ ಅದು. ಆ ಎರಡು ಮಾತು ಹಿಡಿದುಕೊಂಡು ಬಂದ ಪತ್ರಗಳೇ ಈ ಸಲ ಜಾಸ್ತಿ. ಉಳಿದವರು ಒಂದು ತಿಂಗಳು ಕಾಯಬೇಕು. ಈ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವವರು ಒಂದು ಡ್ರಮ್ ಅಂಡ್ ಬೇಸ್ ಮಿಕ್ಸ್ (ಹಾಡುಗಳನ್ನು ಒಂದರೊಳಗೊಂದು ಬೆರೆಸಿದ್ದು) ಕಳಿಸಿ 'ಕೇಳಿ ನೋಡಿ' ಅಂದರು. ಹತ್ತು ನಿಮಿಷಕ್ಕೆ ತಲೆ ಧಿಮ್ ಅಂತು. ಎಲ್ಲಾ ಒಂದೇ ಥರ, ಎಲ್ಲಾ ಅವಸರ. ಇದರಲ್ಲಿ ಕೇಳಬೇಕಾದ್ದು ಏನನ್ನ? – ರಾತ್ರಿ ಪಾಳಿಯ ಓದುಗರು

ಉತ್ತರ: ನೀವು ಡ್ರಮ್ ಹಿಂದೆ ಓಡಿದ್ದೀರಿ. ಹೊಸದಾಗಿ ಕೇಳುವವರೆಲ್ಲ ಹಾಗೇ ಮಾಡುತ್ತಾರೆ, ಯಾಕೆಂದರೆ ಮೊದಲು ಕಿವಿಗೆ ಬೀಳುವುದೇ ಡ್ರಮ್. ನಿಮಿಷಕ್ಕೆ 170ರಿಂದ 175 ಬೀಟ್. ಅವುಗಳ ನಡುವೆ ಇನ್ನೂ ಸಣ್ಣ ಸಣ್ಣ ಪೆಟ್ಟು. ಅಷ್ಟನ್ನೂ ಹಿಡಿಯಲು ಹೋದರೆ ಯಾರಿಗಾದರೂ ಸುಸ್ತಾಗುತ್ತದೆ.

ಅದೇ ಮಿಕ್ಸ್ ಮತ್ತೆ ಹಾಕಿ. ಡ್ರಮ್ಮಿನಲ್ಲಿ ಎರಡು ದನಿಗಳನ್ನು ಮಾತ್ರ ಗುರುತಿಸಿ. 'ದುಂ' ಅನ್ನುವುದು ಕಿಕ್. 'ಟಕ್' ಅನ್ನುವುದು ಸ್ನೇರ್. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿದರೆ ಸ್ನೇರ್ ಬೀಳುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಮೊದಲ ಕಿಕ್ ಒಂದಕ್ಕೆ ಸರಿಯಾಗಿ ಬೀಳುತ್ತದೆ. ಎರಡನೇ ಕಿಕ್ ಮೂರಕ್ಕೆ ಬರುವುದಿಲ್ಲ. ಅರ್ಧ ಎಣಿಕೆ ತಡ ಮಾಡಿ, ನಾಲ್ಕರ ಸ್ನೇರಿಗೆ ಅಂಟಿಕೊಂಡ ಹಾಗೆ ಬರುತ್ತದೆ. ದುಂ ಟಕ್... ದುಂಟಕ್. ದುಂ ಟಕ್... ದುಂಟಕ್. ಬಾಯಲ್ಲಿ ನಾಲ್ಕು ಸಲ ಹೇಳಿ ನೋಡಿ. ಆ ಅರ್ಧ ಎಣಿಕೆಯ ತಡದಲ್ಲೇ ಈ ಸಂಗೀತದ ನಡಿಗೆ ಇದೆ.

ಇನ್ನು ಸ್ನೇರ್ ಬಿದ್ದಾಗ ಮಾತ್ರ ತಲೆ ಆಡಿಸಿ. ಹಾಡು 174 ಬೀಟ್‌ನದ್ದಾದರೆ ನಿಮ್ಮ ತಲೆ ನಿಮಿಷಕ್ಕೆ 87 ಸಲ ಆಡುತ್ತದೆ. ಅದು ಆರಾಮಾಗಿ ಹೆಜ್ಜೆ ಹಾಕುವ ವೇಗ. ಬೇಸ್ ಕೂಡ ಹೆಚ್ಚಾಗಿ ಆ ವೇಗದಲ್ಲೇ ಸಾಗುತ್ತದೆ, ಎಷ್ಟೋ ಸಲ ಅದಕ್ಕಿಂತಲೂ ನಿಧಾನವಾಗಿ. ಮೇಲೆ ಓಟ, ಕೆಳಗೆ ನಡಿಗೆ. ನೀವು ಕೆಳಗೆ ಇರಿ, ಓಡುವವರು ಓಡಲಿ.

ನನಗೆ ಇದು ತಿಳಿದದ್ದು ವಾಕ್‌ಮನ್‌ನ ಸೆಲ್ ಮುಗಿಯುತ್ತಾ ಬಂದಾಗ. 1998ರಲ್ಲಿ ಚಿಕ್ಕಪ್ಪನ ಮಗ ಒಂದು ಕ್ಯಾಸೆಟ್ ತುಂಬಿಸಿ ಕೊಟ್ಟಿದ್ದ. ಮೇಲೆ ನೀಲಿ ಪೆನ್ನಿನಲ್ಲಿ 'ರೋನಿ ಸೈಜ್' ಅಂತ ಬರೆದಿತ್ತು. ನಾಲ್ಕೈದು ದಿನ ಕೇಳಿದೆ, ಹಿಡಿಸಲಿಲ್ಲ. ವಾಪಸ್ ಕೊಡೋಣ ಅಂತ ಬ್ಯಾಗಿನಲ್ಲಿ ಇಟ್ಟಿದ್ದೆ. ಒಂದು ರಾತ್ರಿ ಬಸ್ಸಿನಲ್ಲಿ ನಿದ್ದೆ ಬರದೆ ಅದನ್ನೇ ಹಾಕಿದೆ. ಸೆಲ್ ವೀಕ್ ಆಗಿತ್ತು. ಟೇಪ್ ಎಳೆಯತೊಡಗಿತು, ದನಿಗಳೆಲ್ಲ ದಪ್ಪಗಾದವು. ಆಗ ಕೇಳಿಸಿತು. ಎರಡು ಟಕ್‌ಗಳ ನಡುವೆ, ಕಡ್ಡಿಯನ್ನು ಚರ್ಮಕ್ಕೆ ಸುಮ್ನೆ ತಾಗಿಸಿದ ಹಾಗೆ ಚಿಕ್ಕ ಚಿಕ್ಕ ಪೆಟ್ಟುಗಳು. ಒಂದು ಹಗುರ, ಒಂದು ಇನ್ನೂ ಹಗುರ, ಆಮೇಲೆ ಒಂದು ಸ್ವಲ್ಪ ಗಟ್ಟಿ. ಅಷ್ಟು ದಿನ ಬರೀ ಗದ್ದಲ ಅಂದುಕೊಂಡಿದ್ದರೊಳಗೆ ಒಂದು ಕೈ ಇತ್ತು. ಮಾರನೇ ದಿನ ಹೊಸ ಸೆಲ್ ಹಾಕಿದೆ. ಹಾಡು ತನ್ನ ವೇಗಕ್ಕೆ ಮರಳಿತು, ಆದರೆ ನನಗೆ ಮತ್ತೆ ಅವಸರ ಅನ್ನಿಸಲೇ ಇಲ್ಲ.

ಈಗ ಸೆಲ್ ಮುಗಿಯುವವರೆಗೆ ಕಾಯಬೇಕಾಗಿಲ್ಲ. ವಿಡಿಯೋ ಆಪ್‌ಗಳಲ್ಲಿ ವೇಗ ಇಳಿಸುವ ಆಯ್ಕೆ ಇರುತ್ತದೆ. 0.75ಕ್ಕೆ ಇಟ್ಟು ಒಂದು ಹಾಡು ಪೂರ್ತಿ ಕೇಳಿ, ಆಮೇಲೆ ಅದನ್ನೇ ಸರಿಯಾದ ವೇಗದಲ್ಲಿ ಕೇಳಿ.

ಪ್ರಶ್ನೆ: ಜಂಗಲ್ ಅಂತಾರೆ, ಡ್ರಮ್ ಅಂಡ್ ಬೇಸ್ ಅಂತಾರೆ. ಎರಡೂ ಒಂದೇನಾ ಅಕ್ಕಾ? – ಕಾಲೇಜು ವಿದ್ಯಾರ್ಥಿ

ಉತ್ತರ: ಒಂದೇ ಮನೆಯವು. ಜಂಗಲ್ ಮೊದಲು ಹುಟ್ಟಿದ್ದು.

1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರಾತ್ರಿಯಿಡೀ ಕುಣಿಯುವ ರೇವ್‌ಗಳು ಶುರುವಾದವು. ಲಂಡನ್ನಿನ ಹೆವನ್ ಕ್ಲಬ್ಬಿನಲ್ಲಿ 'ರೇಜ್' ಅನ್ನುವ ರಾತ್ರಿ ನಡೆಯುತ್ತಿತ್ತು. ಅಲ್ಲಿ ಫ್ಯಾಬಿಯೋ, ಗ್ರೂವ್‌ರೈಡರ್ ಅನ್ನುವ ಇಬ್ಬರು ಡಿಜೆಗಳು ಹಳೆಯ ಫಂಕ್ ರೆಕಾರ್ಡುಗಳಿಂದ ತೆಗೆದ ಡ್ರಮ್ ಇರುವ ಹಾಡುಗಳನ್ನು ವೇಗ ಏರಿಸಿ ಹಾಕುತ್ತಿದ್ದರು. ಇನ್ನೊಂದು ಕಡೆ, ಜಮೈಕಾದಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳು ಇದ್ದರು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿ ರೆಗೇ ಮತ್ತು ಅದರಿಂದ ಹುಟ್ಟಿದ ಡಬ್ ಸಂಗೀತ ಹಾಕುವ ಸೌಂಡ್ ಸಿಸ್ಟಮ್ ಅವರ ಮನೆತನದ ವಿದ್ಯೆ. ಎದೆ ನಡುಗಿಸುವ ಬೇಸ್ ಬಂದದ್ದು ಅಲ್ಲಿಂದ. ಮೈಕ್ ಹಿಡಿದು ಹಾಡಿನ ಮೇಲೆ ಮಾತು ಪೋಣಿಸುವ ಎಂಸಿಗಳು ಬಂದದ್ದೂ ಅಲ್ಲಿಂದಲೇ. ಈ ಎರಡು ಹೊಳೆ ಸೇರಿದಾಗ ಜಂಗಲ್ ಆಯಿತು. ದೊಡ್ಡ ರೇಡಿಯೋಗಳು ಮೊದಮೊದಲು ಇದನ್ನು ಹಾಕುತ್ತಿರಲಿಲ್ಲ. ಎತ್ತರದ ವಸತಿ ಕಟ್ಟಡಗಳ ತಾರಸಿಯಲ್ಲಿ ಏರಿಯಲ್ ಕಟ್ಟಿ ಲೈಸೆನ್ಸ್ ಇಲ್ಲದೆ ನಡೆಸುತ್ತಿದ್ದ ಪೈರೇಟ್ ಸ್ಟೇಷನ್‌ಗಳು ಇದನ್ನು ಊರಿಗೆಲ್ಲ ಮುಟ್ಟಿಸಿದವು. 1991ರಲ್ಲಿ ಶುರುವಾದ ಕೂಲ್ ಎಫ್‌ಎಂ ಅವುಗಳಲ್ಲಿ ಹೆಸರುವಾಸಿ. ಬಿಬಿಸಿಯ ರೇಡಿಯೋ 1 'ಒನ್ ಇನ್ ದ ಜಂಗಲ್' ಅನ್ನುವ ಕಾರ್ಯಕ್ರಮ ಶುರು ಮಾಡಿದ್ದು 1995ರಲ್ಲಿ. ಅಷ್ಟರೊಳಗೆ ಊರಿನ ಹುಡುಗರಿಗೆ ಅದು ಬಾಯಿಪಾಠ ಆಗಿತ್ತು.

ಕಿವಿಯಿಂದಲೇ ವ್ಯತ್ಯಾಸ ಹಿಡಿಯಬೇಕೆಂದರೆ ಹೀಗೆ: ಜಂಗಲ್‌ನಲ್ಲಿ ಡ್ರಮ್ ಚೂರು ಚೂರಾಗಿ, ಪ್ರತಿ ಸುತ್ತಿಗೂ (ಒಂದರಿಂದ ನಾಲ್ಕರವರೆಗಿನ ಎಣಿಕೆ ಒಂದು ಸುತ್ತು) ಬೇರೆ ಬೇರೆ ಥರ ಬೀಳುತ್ತದೆ. ರೆಗೇ ದನಿ, ಎಂಸಿ ಮಾತು ಜಾಸ್ತಿ. 1994ರ 'ಒರಿಜಿನಲ್ ನಟ್ಟಾ' ಕೇಳಿ, ಶೈ ಎಫ್‌ಎಕ್ಸ್ ಮತ್ತು ಯುಕೆ ಅಪಾಚಿ ಮಾಡಿದ್ದು. 1995ರಿಂದ ಈಚೆಗೆ ಡ್ರಮ್ ನಾನು ಮೇಲೆ ಹೇಳಿದ 'ದುಂ ಟಕ್... ದುಂಟಕ್'ಗೆ ನೆಲೆ ನಿಲ್ಲುತ್ತಾ ಬಂತು. ಬೇಸ್ ಮುಂದೆ ಬಂದು ಕಥೆ ಹೇಳತೊಡಗಿತು. ಆಗ ಡ್ರಮ್ ಅಂಡ್ ಬೇಸ್ ಅನ್ನುವ ಹೆಸರು ಗಟ್ಟಿಯಾಯಿತು. ಗೆರೆ ಎಳೆದ ಹಾಗೆ ಬೇರೆ ಮಾಡಲು ಆಗುವುದಿಲ್ಲ, ಮಾಡುವ ಅಗತ್ಯವೂ ಇಲ್ಲ.

ಪ್ರಶ್ನೆ: ಇದೆಲ್ಲ ಕಂಪ್ಯೂಟರ್ ಮಾಡಿದ ಸದ್ದು. ಇದರಲ್ಲಿ ಮನುಷ್ಯನ ಶ್ರಮ ಎಲ್ಲಿದೆ? – ನಿವೃತ್ತ ಶಿಕ್ಷಕರು

ಉತ್ತರ: ಸರ್, ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ. ಈ ಸಂಗೀತದ ಬುಡದಲ್ಲಿ ಒಬ್ಬ ಮನುಷ್ಯ ಇದ್ದಾನೆ. ಅವನ ಹೆಸರು ಗ್ರೆಗರಿ ಕೋಲ್ಮನ್.

ಅಮೆರಿಕದ ವಾಷಿಂಗ್ಟನ್‌ನಲ್ಲಿ 'ದ ವಿನ್ಸ್‌ಟನ್ಸ್' ಅನ್ನುವ ಸೋಲ್ ಸಂಗೀತದ ತಂಡ ಇತ್ತು. ಕೋಲ್ಮನ್ ಅದರ ಡ್ರಮ್ಮರ್. 1969ರಲ್ಲಿ ಅವರದೊಂದು ರೆಕಾರ್ಡ್ ಬಂತು. ಮುಂದಿನ ಬದಿಯ ಹಾಡು ಜನಪ್ರಿಯವಾಯಿತು. ಹಿಂದಿನ ಬದಿಯಲ್ಲಿ 'ಅಮೆನ್, ಬ್ರದರ್' ಅನ್ನುವ, ಮಾತಿಲ್ಲದ ಒಂದು ಹಾಡಿತ್ತು. ಹಾಡಿನ ಮಧ್ಯೆ, ಸುಮಾರು 1 ನಿಮಿಷ 26 ಸೆಕೆಂಡಿಗೆ, ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಕೋಲ್ಮನ್ ಒಬ್ಬನೇ ನಾಲ್ಕು ಸುತ್ತು ಬಾರಿಸುತ್ತಾನೆ. ಏಳು ಸೆಕೆಂಡ್, ಅಷ್ಟೇ.

ಆ ಏಳು ಸೆಕೆಂಡನ್ನು ಹತ್ತಿರದಿಂದ ಕೇಳಿ. ಮೊದಲ ಎರಡು ಸುತ್ತು ಒಂದೇ ಥರ. ಮೂರನೇ ಸುತ್ತಿನಲ್ಲಿ ಒಂದು ಸ್ನೇರ್ ಪೆಟ್ಟನ್ನು ಬೀಳಬೇಕಾದ ಕಡೆ ಬೀಳಿಸದೆ ತಡ ಮಾಡುತ್ತಾನೆ. ನಾಲ್ಕನೇ ಸುತ್ತಿನ ಮೊದಲ ಎಣಿಕೆಯನ್ನು ಖಾಲಿ ಬಿಡುತ್ತಾನೆ. ಕಾಲು ಇಡಲು ಹೋದಾಗ ಮೆಟ್ಟಿಲು ಇಲ್ಲದ ಹಾಗೆ ಒಂದು ಕ್ಷಣ ಎದೆ ಜಗ್ಗುತ್ತದೆ. ಆಮೇಲೆ ಅವನ ಸಿಂಬಲ್ (ಡ್ರಮ್ಮಿನ ಜೊತೆಗಿರುವ ಲೋಹದ ತಟ್ಟೆ) ನಾವು ಎದುರು ನೋಡುವುದಕ್ಕಿಂತ ಮೊದಲೇ ಝಲ್ ಅನ್ನುತ್ತದೆ. ಸಿಂಬಲ್ಲಿನ ಆ ಗುಂಯ್ ಅನ್ನುವಿಕೆ ಉಳಿದ ಪೆಟ್ಟುಗಳ ಮೇಲೆ ಹರಡಿಕೊಳ್ಳುತ್ತದೆ. ಡ್ರಮ್ಮರುಗಳು ಇದಕ್ಕೆ 'ಅಮೆನ್ ಬ್ರೇಕ್' ಅನ್ನುತ್ತಾರೆ. ಮೊದಲು ಹಿಪ್‌ಹಾಪ್‌ನವರು ಅದನ್ನು ಎತ್ತಿಕೊಂಡರು. ಆಮೇಲೆ ಲಂಡನ್ನಿನ ಹುಡುಗರ ಕೈಗೆ ಸಿಕ್ಕಿತು.

ಅವರ ಕೈಯಲ್ಲಿ ಇದ್ದದ್ದು ಅಕಾಯ್ ಕಂಪನಿಯ ಸ್ಯಾಂಪ್ಲರ್ (ಸದ್ದಿನ ತುಣುಕನ್ನು ತುಂಬಿಸಿಕೊಂಡು ಬೇಕಾದ ಹಾಗೆ ನುಡಿಸುವ ಯಂತ್ರ) ಮತ್ತು ಅಟಾರಿ ಕಂಪ್ಯೂಟರ್. ಸ್ಯಾಂಪ್ಲರಿನಲ್ಲಿ ನೆನಪಿಡುವ ಜಾಗ ತೀರಾ ಕಡಿಮೆ, ಕೆಲವು ಸೆಕೆಂಡಿನ ಸದ್ದಿಗೆ ತುಂಬಿಹೋಗುತ್ತಿತ್ತು. ಕೋಲ್ಮನ್ನನ ನಾಲ್ಕು ಸುತ್ತನ್ನು ಅದರೊಳಗೆ ಹಾಕಿ, ಒಂದೊಂದು ಪೆಟ್ಟನ್ನೂ ಬೇರೆ ಬೇರೆಯಾಗಿ ಕತ್ತರಿಸುತ್ತಿದ್ದರು. ಈ ಸ್ನೇರನ್ನು ಅಲ್ಲಿಗೆ, ಆ ಕಿಕ್ಕನ್ನು ಇಲ್ಲಿಗೆ, ಇದನ್ನು ಒಂದಿಷ್ಟು ಮೇಲಿನ ಶ್ರುತಿಗೆ, ಅದನ್ನು ಹಿಂದುಮುಂದಾಗಿ. ಹೀಗೆ ಜೋಡಿಸುತ್ತಾ ರಾತ್ರಿಗಳು ಕಳೆಯುತ್ತಿದ್ದವು. ಸುಮಾರು 137 ಬೀಟ್‌ನ ಡ್ರಮ್ 165, 170ಕ್ಕೆ ಏರಿದಾಗ ಚರ್ಮ ಬಿಗಿದ ಹಾಗೆ ಸ್ನೇರಿನ ದನಿ ಮೇಲೇರುತ್ತದೆ. ಜಂಗಲ್ ಹಾಡುಗಳ ಆ ಚಟಪಟ ಸ್ನೇರ್ ಹುಟ್ಟಿದ್ದು ಹಾಗೆ. ಕತ್ತರಿಸಿದ್ದು ಯಂತ್ರ ಹೌದು. ಎಲ್ಲಿ ಕತ್ತರಿಸಬೇಕು ಅಂತ ತೀರ್ಮಾನ ಮಾಡಿದ್ದು ಕಿವಿ.

ಈ ಕಥೆಯಲ್ಲಿ ನನಗೆ ನೋವು ಕೊಡುವ ಭಾಗ ಮುಂದಿನದು. ಆ ಏಳು ಸೆಕೆಂಡ್ ಸಾವಿರಾರು ಹಾಡುಗಳೊಳಗೆ ಹೋಯಿತು. ಕೋಲ್ಮನ್ನನಿಗೆ ಅದರಿಂದ ರಾಯಲ್ಟಿ ಅಂತ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ, ಇರಲು ಮನೆಯೂ ಇಲ್ಲದ ಸ್ಥಿತಿಯಲ್ಲಿ ತೀರಿಕೊಂಡ. 2015ರಲ್ಲಿ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಚಂದಾ ಎತ್ತಿ 24,000 ಪೌಂಡ್ ಒಟ್ಟು ಮಾಡಿ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ ತಲುಪಿಸಿದರು. ಒಳ್ಳೆಯ ಕೆಲಸ. ಆದರೆ ಡ್ರಮ್ ಬಾರಿಸಿದವನು ಹೋಗಿ ಒಂಬತ್ತು ವರ್ಷ ಆಗಿತ್ತು. ಹೊಸಬರಿಗೆ ಈ ಸಂಗೀತ ಕೇಳಿಸುವಾಗ ನಾನು ಮೊದಲು 'ಅಮೆನ್, ಬ್ರದರ್' ಹಾಕುತ್ತೇನೆ, ಹೆಸರು ಹೇಳುತ್ತೇನೆ. ನೀವೂ ಒಂದು ಸಲ ಕೇಳಿ ಸರ್.

ಪ್ರಶ್ನೆ: ಯಾವ ಆಲ್ಬಂನಿಂದ ಶುರು ಮಾಡಲಿ? ಹುಡುಕಿದರೆ ನೂರು ಹೆಸರು ಬರುತ್ತವೆ. – ಎರಡು ಮಕ್ಕಳ ತಂದೆ

ಉತ್ತರ: ವಾರಕ್ಕೆ ಒಂದು ಸಾಕು. ಒಂದೇ ದಿನ ಎಲ್ಲ ಕೇಳಿದರೆ ಒಂದೂ ಉಳಿಯುವುದಿಲ್ಲ.

ಶುರುವಿಗೆ ಎಲ್‌ಟಿಜೆ ಬುಕೆಮ್ ಹೊರತಂದ 1996ರ 'ಲಾಜಿಕಲ್ ಪ್ರೊಗ್ರೆಷನ್'. ಡ್ರಮ್ ವೇಗವಾಗಿಯೇ ಇರುತ್ತದೆ, ಆದರೆ ಸುತ್ತಲೂ ಕೀಬೋರ್ಡಿನ ತೆಳು ದನಿಗಳು ಮಂಜಿನ ಹಾಗೆ ತುಂಬಿರುತ್ತವೆ. ವೇಗಕ್ಕೆ ಹೆದರುವವರು ಇಲ್ಲಿ ಹೆದರುವುದಿಲ್ಲ.

ಎರಡನೇ ವಾರ ನನ್ನ ಕ್ಯಾಸೆಟ್ಟಿನ ಆಲ್ಬಂ, ಬ್ರಿಸ್ಟಲ್ ಊರಿನ ರೋನಿ ಸೈಜ್ ಮತ್ತು ರೆಪ್ರಜೆಂಟ್ ತಂಡದ 'ನ್ಯೂ ಫಾರ್ಮ್ಸ್'. 1997ರದ್ದು. ಬ್ರಿಟನ್ನಿನಲ್ಲಿ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಗೆ ಆ ವರ್ಷ ರೇಡಿಯೋಹೆಡ್‌ನಂಥ ತಂಡಗಳು ಎದುರಿಗಿದ್ದವು, ಬಂದದ್ದು ಇವರಿಗೆ. 'ಬ್ರೌನ್ ಪೇಪರ್ ಬ್ಯಾಗ್' ಹಾಡಿನಲ್ಲಿ ಡಬಲ್ ಬೇಸ್ ಕೇಳಿ. ನೆಲಕ್ಕೆ ಊರಿ ನಿಲ್ಲಿಸಿ ಬೆರಳಿನಿಂದ ಮೀಟುವ ಆಳೆತ್ತರದ ವಾದ್ಯ ಅದು. ತಂತಿ ಮರಕ್ಕೆ ತಾಗಿ ಟಪ್ ಅನ್ನುವುದು ಕೂಡ ಕೇಳಿಸುತ್ತದೆ. ಬೇಸ್ ಜೊತೆ ನಡೆಯಿರಿ ಅಂದೆನಲ್ಲ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಹಾಡು ನನಗೆ ಗೊತ್ತಿಲ್ಲ.

ಮೂರನೇ ವಾರ ಗೋಲ್ಡಿಯ 'ಟೈಮ್‌ಲೆಸ್', 1995. ಅದರ ಮೊದಲ ಹಾಡೇ 21 ನಿಮಿಷ. ಗಾಬರಿ ಆಗಬೇಡಿ. ಅದರೊಳಗೆ 'ಇನ್ನರ್ ಸಿಟಿ ಲೈಫ್' ಅನ್ನುವ ಭಾಗ ಇದೆ. ಡಯಾನ್ ಶಾರ್ಲ್‌ಮೇನ್ ಹಾಡಿದ್ದಾರೆ. ಕೆಳಗೆ ಡ್ರಮ್ ಚೂರಾಗುತ್ತಿರುತ್ತದೆ, ಅವರ ದನಿ ಮೇಲೆ ಉದ್ದಕ್ಕೆ ಎಳೆದುಕೊಂಡು ಹೋಗುತ್ತಿರುತ್ತದೆ. ಊರಿನ ಒತ್ತಡದೊಳಗೆ ಸಿಕ್ಕಿಕೊಂಡವರ ಅಳಲು ಅದು. ನಾನು ಕೇಳಿದಾಗೆಲ್ಲ ಕೈಯಲ್ಲಿರುವ ಕೆಲಸ ನಿಲ್ಲುತ್ತದೆ.

ಇಲ್ಲಿಂದ ಮುಂದೆ ನಿಮ್ಮ ಸ್ವಭಾವ ನೋಡಿಕೊಳ್ಳಿ. ಖಾಲಿ ಜಾಗ, ಮೌನ ಇಷ್ಟ ಅನ್ನುವವರಿಗೆ ಫೋಟೆಕ್‌ನ 'ಮೋಡಸ್ ಒಪೆರಾಂಡೈ', 1997. ಕತ್ತಲೆ, ಭಾರ ಬೇಕು ಅನ್ನುವವರಿಗೆ ಎಡ್ ರಶ್ ಮತ್ತು ಆಪ್ಟಿಕಲ್ ಅವರ 'ವರ್ಮ್‌ಹೋಲ್', 1998. ಇದನ್ನು ಮೊದಲೇ ಕೇಳಬೇಡಿ, ಕಿವಿ ಪಳಗಿದ ಮೇಲೆ ಕೇಳಿ. ಹಾಡಿನ ಥರ ಮೆದುವಾಗಿ ಇರಲಿ ಅಂದರೆ ಹೈ ಕಾಂಟ್ರಾಸ್ಟ್‌ನ 'ಟ್ರೂ ಕಲರ್ಸ್', 2002. ಈ ಮೆದು ಬಗೆಗೆ 'ಲಿಕ್ವಿಡ್' ಅನ್ನುತ್ತಾರೆ. ರಾಕ್ ಗಿಟಾರ್ ಕೇಳಿ ಬೆಳೆದವರಿಗೆ ಆಸ್ಟ್ರೇಲಿಯಾದ ಪೆಂಡುಲಮ್ ತಂಡದ 2005ರ 'ಹೋಲ್ಡ್ ಯುವರ್ ಕಲರ್'. ಈಗಿನವರದ್ದು ಬೇಕು ಅಂದರೆ ನಿಯಾ ಆರ್ಕೈವ್ಸ್ ಅನ್ನುವ ಯುವತಿಯ 2024ರ 'ಸೈಲೆನ್ಸ್ ಈಸ್ ಲೌಡ್'. ಜಂಗಲ್ ಡ್ರಮ್ ಮೇಲೆ ತನ್ನ ಮನೆಯ, ಮನಸ್ಸಿನ ವಿಷಯವನ್ನೇ ಹಾಡುತ್ತಾಳೆ.

ಪ್ರಶ್ನೆ: ಫೋನಿನಲ್ಲೇ ಕೇಳಿದರೆ ಆಗಲ್ವಾ? – ಹೆಸರು ಬರೆಯದವರು

ಉತ್ತರ: ಇಯರ್‌ಫೋನ್ ಹಾಕಿದರೆ ಆಗುತ್ತದೆ. ಫೋನಿನ ಸ್ಪೀಕರಿನಲ್ಲಿ ಆಗುವುದಿಲ್ಲ. ಈ ಸಂಗೀತದ ಆಳದ ಬೇಸ್ ಇರುವುದು 40ರಿಂದ 60 ಹರ್ಟ್ಸ್ ಆಸುಪಾಸಿನಲ್ಲಿ. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ಸದ್ದನ್ನು ಹೊರಡಿಸಲಾರದು. ಅಂದರೆ ನೀವು ಕೇಳುತ್ತಿರುವುದು ಬರೀ ಡ್ರಮ್. ನೆಲ ಇಲ್ಲದ ಮನೆ. ಮೊದಲ ಪ್ರಶ್ನೆ ಕೇಳಿದವರು ಕೂಡ ಫೋನಿನ ಸ್ಪೀಕರಿನಲ್ಲೇ ಕೇಳಿರಬಹುದು ಅಂತ ನನಗೆ ಅನುಮಾನ. ಸಾಧಾರಣ ಇಯರ್‌ಫೋನ್ ಸಾಕು, ಕಿವಿಯಲ್ಲಿ ಸರಿಯಾಗಿ ಕೂರಬೇಕು ಅಷ್ಟೇ. ಸಡಿಲವಾಗಿ ಕೂತರೆ ಮೊದಲು ಸೋರಿಹೋಗುವುದೇ ಬೇಸ್. ದನಿಯನ್ನು ಜೋರು ಮಾಡಿ ಬೇಸ್ ಹುಡುಕಬೇಡಿ. ಪಕ್ಕದಲ್ಲಿರುವವರು ಮಾಮೂಲಿ ದನಿಯಲ್ಲಿ ಕರೆದರೆ ಕೇಳಿಸಬೇಕು.

ಪ್ರಶ್ನೆ: ಹಾಡು ಶುರುವಾಗಿ ಒಂದು ನಿಮಿಷ ಆದರೂ ಬರೀ ಟಿಕಿಟಿಕಿ. ಆಮೇಲೆ ದಢಾರ್ ಅಂತ ಎಲ್ಲ ಒಟ್ಟಿಗೆ. ಯಾಕೆ ಹೀಗೆ? – ಕಾಲೇಜು ವಿದ್ಯಾರ್ಥಿ, ಎರಡನೇ ಪತ್ರ

ಉತ್ತರ: ಆ ದಢಾರ್‌ಗೆ 'ಡ್ರಾಪ್' ಅನ್ನುತ್ತಾರೆ. ಮೊದಲಿನ ಟಿಕಿಟಿಕಿ ಡಿಜೆಗಾಗಿ ಬಿಟ್ಟ ಜಾಗ. ಹಿಂದಿನ ಹಾಡು ಮುಗಿಯುವ ಮುಂಚೆಯೇ ಡಿಜೆ ಈ ಹಾಡನ್ನು ಅದರ ಅಡಿಯಲ್ಲಿ ಸೇರಿಸಬೇಕು. ಅದಕ್ಕೆ ಹಾಡುಗಳನ್ನು 16 ಸುತ್ತು, 32 ಸುತ್ತುಗಳ ಲೆಕ್ಕದಲ್ಲಿ ಕಟ್ಟಿರುತ್ತಾರೆ. 174 ಬೀಟ್‌ನಲ್ಲಿ 16 ಸುತ್ತು ಅಂದರೆ 22 ಸೆಕೆಂಡ್. ಗಡಿಯಾರ ಇಟ್ಟು ನೋಡು, ಸರಿಯಾಗಿ ಆ ಹೊತ್ತಿಗೆ ಏನಾದರೂ ಬದಲಾಗುತ್ತದೆ. ಒಂದು ದನಿ ಸೇರುತ್ತದೆ, ಇಲ್ಲವೇ ಒಂದು ಹೋಗುತ್ತದೆ.

ಹಾಗಾಗಿ ಬಿಡಿ ಹಾಡುಗಳ ಜೊತೆಗೆ ಒಂದು ಒಳ್ಳೆಯ ಮಿಕ್ಸ್ ಕೇಳಲೇಬೇಕು. ಕೆಮಿಸ್ಟ್ರಿ ಮತ್ತು ಸ್ಟಾರ್ಮ್ ಅನ್ನುವ ಇಬ್ಬರು ಗೆಳತಿಯರ 1999ರ 'ಡಿಜೆ ಕಿಕ್ಸ್' ನನ್ನ ಆಯ್ಕೆ. ಗೋಲ್ಡಿಗೆ ಈ ಸಂಗೀತದ ಹುಚ್ಚು ಹಿಡಿಸಿದವರು ಇವರೇ. ಆ ವರ್ಷವೇ ಕೆಮಿಸ್ಟ್ರಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಕೇಳುವಾಗ ಒಂದು ಕೆಲಸ ಮಾಡು. ಎರಡನೇ ಹಾಡು ಒಳಗೆ ಬರುವ ಗಳಿಗೆ ಹುಡುಕು. ಮೊದಲು ಬರುವುದು ಹೈಹ್ಯಾಟ್, ಆ ತೆಳ್ಳನೆ 'ಟಿಸ್ ಟಿಸ್'. ಆಮೇಲೆ ಒಂದು ಹಾಡಿನ ಬೇಸ್ ಇಳಿಸಿ ಇನ್ನೊಂದರ ಬೇಸ್ ಏರಿಸುತ್ತಾರೆ, ಎರಡು ಬೇಸ್ ಒಟ್ಟಿಗಿದ್ದರೆ ಕಲಸಿಹೋಗುತ್ತದೆ. ಒಳ್ಳೆಯ ಕೈಯಾದರೆ ನೆಲ ಬದಲಾದದ್ದು ನಡೆಯುವವರಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹದಿನಾರು. ದಿನವಿಡೀ ಇದೇ. ಬೈಯೋಕೆ ಬರೆಯುತ್ತಿಲ್ಲ ಮೇಡಂ. ಅವನ ಜೊತೆ ಕೂತು ಕೇಳಬೇಕು ಅನ್ನಿಸಿದೆ. ಆದರೆ ನನಗೆ ಹಾಡು ಅಂದರೆ ದನಿ ಇರಬೇಕು, ತಬಲಾ ಇರಬೇಕು. ದಾರಿ ಇದೆಯಾ? – ಒಬ್ಬ ತಾಯಿ

ಉತ್ತರ: ಇದೆ. ನಿಮ್ಮ ಪತ್ರ ಎರಡು ಸಲ ಓದಿದೆ.

ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ 'ಬ್ಲೂ ನೋಟ್' ಅನ್ನುವ ಕ್ಲಬ್ ಇತ್ತು. 1990ರ ದಶಕದ ಮಧ್ಯದಲ್ಲಿ ಭಾನುವಾರ ರಾತ್ರಿ ಅಲ್ಲಿ ಗೋಲ್ಡಿಯ ಮೆಟಲ್‌ಹೆಡ್ಜ್ ಕಂಪನಿಯವರು ಡ್ರಮ್ ಅಂಡ್ ಬೇಸ್ ಹಾಕುತ್ತಿದ್ದರು. ಸೋಮವಾರ ರಾತ್ರಿ ಅದೇ ಜಾಗದಲ್ಲಿ 'ಅನೋಖಾ' ನಡೆಯುತ್ತಿತ್ತು. ನಡೆಸುತ್ತಿದ್ದವರು ಟಲ್ವಿನ್ ಸಿಂಗ್, ತಬಲಾ ವಾದಕ. ತಬಲಾ ಜೋಡಿಯಲ್ಲಿ ಎಡಗಡೆಯದಾದ ಬಾಯಾದ ದನಿ ಎಡಗೈಯ ಒತ್ತಡಕ್ಕೆ ಜಾರುವುದನ್ನು ಅವರು ಈ ಬೇಸ್ ಪಕ್ಕದಲ್ಲೇ ಇಟ್ಟು ತೋರಿಸಿದರು. 1998ರ ಅವರ ಆಲ್ಬಂ 'ಓಕೆ'ಗೆ ಮರುವರ್ಷ ಮರ್ಕ್ಯುರಿ ಪ್ರಶಸ್ತಿ ಬಂತು. ಅದು ನಿಮ್ಮ ಬಾಗಿಲು. ದನಿಗೆ ಮೇಲೆ ಹೇಳಿದ 'ಇನ್ನರ್ ಸಿಟಿ ಲೈಫ್' ಕೇಳಿ.

ಆದರೆ ಇವನ್ನು ನೀವಾಗಿ ಮೊದಲು ಹಾಕಬೇಡಿ. ಅವನಿಗೆ ಹಾಕಲು ಹೇಳಿ. ನಡುವೆ ಒಂದೇ ಪ್ರಶ್ನೆ ಕೇಳಿ, 'ಡ್ರಾಪ್ ಯಾವಾಗ ಬರುತ್ತೆ?' ಅಂತ. ಅವನು ಕೈ ಎತ್ತಿ ಎಣಿಸುತ್ತಾನೆ ನೋಡಿ. ಮನೆಯಲ್ಲಿ ದೊಡ್ಡ ಸ್ಪೀಕರ್ ಇದ್ದರೆ ಅದರ ಪೆಟ್ಟಿಗೆ ಮೇಲೆ ಅಂಗೈ ಇಟ್ಟುಕೊಂಡು ಕೇಳಿ, ಬೇಸ್ ಕೈಗೇ ತಿಳಿಯುತ್ತದೆ. ಅವನು ಮೊದಲು ಹಾಕಿದ್ದು ಯಾವ ಹಾಡು ಅಂತ ನನಗೆ ಬರೆಯಿರಿ.